ಮಾಡದಲ್ಲಿಟ್ಟ ಅರ್ಧ ಟ್ಯೂಬು

ಗೌರಾಬಾಯಿಗೆ ಅವ್ವನ ಮುಖಕ್ಕಿಂತ ಅವ್ವನ ಮಣಿಕಟ್ಟಿನ ವಾಸನೆ ಹೆಚ್ಚು ನೆನಪಿತ್ತು. ಅಲಖನೂರಿನ ಮನೆಯಲ್ಲಿ ನಸುಕಿಗೆ ಎಮ್ಮೆ ಹಿಂಡಿ ಬಂದ ಅವ್ವ ಅದೇ ಕೈಯಿಂದ ಮಗಳ ಮುಖದ ಮೇಲಿನ ಕೂದಲು ಸರಿಸಿ ಎಬ್ಬಿಸುತ್ತಿದ್ದಳು. ಬೆಚ್ಚಗಿನ ನೊರೆಯ ವಾಸನೆ, ಬೆಣ್ಣೆಯದು, ಎಮ್ಮೆಯ ತೊಡೆಸಂದಿಯ ಬೆವರಿನದು, ಎಲ್ಲಕ್ಕೂ ಕೆಳಗೆ ಕುಳ್ಳಿನ ಬೂದಿಯದು. ಕಣ್ಣಿಗಿಂತ ಮೊದಲು ಮೂಗು ಎಚ್ಚರಗೊಳ್ಳುತ್ತಿತ್ತು. ಈಗ ಬೇಡಕಿಹಾಳದ ಗಂಡನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ತನ್ನ ಕೈಗಳನ್ನು ಮೂಗಿನ ಹತ್ತಿರ ತಂದರೆ ತುಕ್ಕು ಹಿಡಿದ ತಗಡಿನ ವಾಸನೆ ಬರುತ್ತಿತ್ತು. ಎಮ್ಮೆಯ ಕೆಚ್ಚಲು ತೊಳೆಯಲೆಂದು ದನದ ಡಾಕ್ಟರು ಕೊಟ್ಟಿದ್ದ ನೇರಳೆ ಹರಳುಗಳನ್ನು ಬಕೆಟ್ಟಿನ ನೀರಿಗೆ ಹಾಕಿ ಆಕೆ ದಿನವೂ ಮೊಣಕೈತನಕ ತೊಳೆದುಕೊಳ್ಳುತ್ತಿದ್ದಳು. ಒಂದು ಚಿಟಿಕೆ ಸಾಕು ಎಂದು ಡಾಕ್ಟರು ಹೇಳಿದ್ದರು. ಆಕೆ ಹಿಡಿಗಟ್ಟಲೆ ಹಾಕುತ್ತಿದ್ದಳು, ಮನೆಯವರ ಮೇಲಿನ ಸಿಟ್ಟಿಗೆ. ನೀರು ನೇರಳೆಯಾಗಿದ್ದರೂ ಕೈಗೆ ಹತ್ತಿದ ಬಣ್ಣ ಮಾತ್ರ ಕಂದು. ಉಗುರಿನ ಸಂದಿ, ಬೆರಳಿನ ಗೆಣ್ಣು, ಅಂಗೈಯ ಗೆರೆ ಎಲ್ಲವೂ ಸುಟ್ಟ ರೊಟ್ಟಿಯಂತೆ ಕಾಣುತ್ತಿದ್ದವು. ನೋಡಲಿ, ಬಂದುಹೋಗುವವರೆಲ್ಲ ನೋಡಲಿ ಎಂದು ಕೈಗಳನ್ನು ಮೊಣಕಾಲ ಮೇಲೆ ಅಗಲಿಸಿ ಇಟ್ಟುಕೊಂಡಿದ್ದಳು. ಆದರೆ ಯಾರಾದರೂ ಓಣಿಯ ತಿರುವಿನಲ್ಲಿ ಕಂಡರೆ ಅವು ತಾವಾಗಿಯೇ ಸೆರಗಿನೊಳಗೆ ಹೋಗಿಬಿಡುತ್ತಿದ್ದವು.

ಸಕ್ಕುಬಾಯಿ ಬಂದಾಗ ಮಾತ್ರ ಒಳಗೆಳೆದುಕೊಳ್ಳಲು ಪುರುಸೊತ್ತಾಗಲಿಲ್ಲ. ಪಕ್ಕದ ಮನೆಯವಳು, ಕೊಡ ಹೊತ್ತು ನಳದಿಂದ ಬರುತ್ತಿದ್ದಳು.

“ಏನ ಗೌರಕ್ಕಾ, ಈ ವಯಸ್ಸಿನ್ಯಾಗ ಮೆಹಂದಿ ಹಚ್ಚಿಕೊಂಡ ಕುಂತೀಯಲ್ಲ? ಯಾರ ಲಗ್ನಾ?”

“ನಿನ್ನ ಗಂಡಂದು. ಎರಡನೇದು.”

“ಅಯ್ಯ, ಅವಗ ಒಬ್ಬಾಕಿನ್ನ ಸಂಭಾಳಸೂದ ಆಗವಲ್ತು!” ಸಕ್ಕುಬಾಯಿ ನಕ್ಕಳು. ನಗುತ್ತಲೇ ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ, ಗೌರಾಬಾಯಿಯಿಂದ ದೂರದ ಬದಿಗೆ, ಬದಲಾಯಿಸಿಕೊಂಡಳು. ಭಾರಕ್ಕೆ ಬದಲಾಯಿಸಿದಳೋ, ಬೇಕೆಂದೇ ಬದಲಾಯಿಸಿದಳೋ. “ಕೆಂಪವ್ವನ ಎಮ್ಮಿ ನಸುಕಿನ್ಯಾಗ ಈದೈತಂತ. ಹೆಣ್ಗರಾ ಹಾಕೈತಿ. ನಿನಗ ಕರಿಯಾಕ ಬಂದಿಲ್ಲೇನು?”

“ಬರ್ತಾರ.”

“ಬರ್ಲಿ ಬರ್ಲಿ,” ಎಂದು ಸಕ್ಕುಬಾಯಿ ಹೋದಳು. ಆ ಎರಡನೆಯ ‘ಬರ್ಲಿ’ಯನ್ನು ಆಕೆ ಅನ್ನದಿದ್ದರೂ ಆಗುತ್ತಿತ್ತು.

ಊರಿನ ಈ ಮಗ್ಗುಲಿನಲ್ಲಿ ಯಾರ ಎಮ್ಮೆ ಈದರೂ ಮನೆಯವರು ಕೆಚ್ಚಲಿಗೆ ಕೈ ಹಚ್ಚುವ ಮೊದಲು ಗೌರಾಬಾಯಿಯನ್ನು ಕರೆಯುತ್ತಿದ್ದರು. ಆಕೆಯ ಕೈಗುಣ ಹಾಗಿತ್ತು. ಆಕೆ ಮೊದಲು ಹಿಂಡಿದ ಎಮ್ಮೆ ಒದೆಯುವುದಿಲ್ಲ, ಹಾಲು ಏರಿಸಿಕೊಳ್ಳುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅವ್ವ ಕಲಿಸಿಕೊಟ್ಟ ಪದ್ಧತಿ ಅದು. ಎಮ್ಮೆಯ ಪಕ್ಕೆಗೆ ಹಣೆ ಆನಿಸಿ ಕೂತು, ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು, ಬಿಸಿ ಉಸಿರು ಬಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆಯ ಕೈ ತಾಗಿದರೆ ಈಗಷ್ಟೇ ಹೆತ್ತದ್ದು ಬೆಚ್ಚುತ್ತದೆ, ನಿನಗಾದರೂ ಹಂಗೇ ಆಗ್ತಿತ್ತಲ್ಲ ಎನ್ನುತ್ತಿದ್ದಳು ಅವ್ವ. ಆಮೇಲೆ ಮೊದಲ ಧಾರೆ ನೆಲಕ್ಕೆ, ಮುಂದಿನದು ಕರುವಿನ ನಾಲಿಗೆಗೆ, ಉಳಿದದ್ದು ಚರಗಿಗೆ. ಆ ಹಾಲಿನಿಂದ ಕಾಸಿದ ಗಿಣ್ಣದ ಮೊದಲ ಪಾಲು ಹಿಂಡಿದ ಕೈಗೆ ಸೇರಬೇಕು. ಕೆಳಗಿನ ಜಾತಿಯ ಮನೆಗಳವರು, ತಾವು ಕಾಸಿದ್ದನ್ನು ಇವಳು ಉಣ್ಣುವುದಿಲ್ಲವೆಂದು, ಹಾಲನ್ನೇ ಕಳಿಸುತ್ತಿದ್ದರು, ಇವಳು ಮನೆಯಲ್ಲಿ ಕಾಸಿಕೊಳ್ಳುತ್ತಿದ್ದಳು. ಬಂಗಾರ ಹಾಕಿಕೊಂಡು ಮದುವೆಗಳಲ್ಲಿ ಮೆರೆಯುವವರು ಮೆರೆಯಲಿ. ತನ್ನನ್ನು ಕರೆಯಲು ಜನ ಕತ್ತಲೆಯಿರುವಾಗಲೇ ಬಾಗಿಲು ಬಡಿಯುತ್ತಾರೆ ಎಂಬುದು ಗೌರಾಬಾಯಿಯ ಬಂಗಾರವಾಗಿತ್ತು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂತು. ಈದ ಎಮ್ಮೆಯನ್ನು ಇಷ್ಟು ಹೊತ್ತು ಹಿಂಡದೆ ಬಿಡುವುದಿಲ್ಲ. ಹಿಂಡಿಯಾಗಿದೆ. ಬೇರೆ ಯಾರದೋ ಕೈ. ಅದಾವ ಕೈ ಎಂದು ಯೋಚಿಸಿದಾಗ ಹಲ್ಲು ಹುಳಿಯಾಯಿತು.

ಒಳಗೆ ಕೂಸು ಅತ್ತಿತು. ಗೌರಾಬಾಯಿ ಅರ್ಧ ಎದ್ದಳು, ಹೊಸ್ತಿಲ ಬಳಿ ನಿಂತಳು. ನಡುಮನೆಯ ಹೊರಸಿನ ಮೇಲೆ ಸೊಸೆ ಕುಸುಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಎಡಗೈ ಮೈಯಿಂದ ದೂರ ಎತ್ತಿ ದಿಂಬಿನ ಮೇಲೆ ಇಟ್ಟುಕೊಂಡು. ಆ ಬದಿಯ ಎದೆಗೆ ಬಟ್ಟೆ ತಾಗಿದರೂ ನೋವು. ಕೂಸಿಗೆ ಬಾಟಲಿ ಹಿಡಿದಿದ್ದವನು ಮಗ ಬಾಬಾಸಾಹೇಬ. ಕಬ್ಬಿನ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ಹೋಗುವುದು ಬಿಟ್ಟು ಹೆಂಗಸರ ಹಾಗೆ ಮಂಡಿ ಮಡಚಿ ಕೂತಿದ್ದಾನೆ, ಬಾಟಲಿ ಎತ್ತರಿಸಲು ಬರುವುದಿಲ್ಲ, ಕೂಸು ಗಾಳಿ ಕುಡಿಯುತ್ತಿದೆ. ಇಷ್ಟು ಎತ್ತು, ಇಷ್ಟು, ಎಂದು ಗೌರಾಬಾಯಿಯ ಕೈ ಗಾಳಿಯಲ್ಲೇ ಎತ್ತಿತು. ಮಗ ನೋಡಿದ. ಕೈಯನ್ನು ನೋಡಿದ, ಮುಖವನ್ನಲ್ಲ. ಆಕೆ ಮತ್ತೆ ಕಟ್ಟೆಗೆ ಬಂದು ಕೂತಳು. ನಿಪ್ಪಾಣಿಯ ತಂಬಾಕಿನ ವಖಾರಿಯ ಮನೆಯಿಂದ ತಂದ ಸೊಸೆ. ಮದುವೆಯಾಗಿ ಬಂದಾಗ ಟ್ರಂಕಿನ ಸೀರೆಗಳಿಗೆಲ್ಲ ತಂಬಾಕಿನ ಘಾಟು. ಆ ಘಾಟಿಗೆ ತನ್ನ ಎಮ್ಮೆ ಸೀನಿತೆಂದು ಊರಿಗೆಲ್ಲ ಹೇಳಿ ನಗಿಸಿದ್ದಳಲ್ಲ ತಾನು. ಅದಕ್ಕೇ ಈಗ ಸೇಡು. ಮಲಗಿದಲ್ಲೇ ಸೇಡು ತೀರಿಸಿಕೊಳ್ಳುವವರಿಗೆ ಎದ್ದು ಓಡಾಡುವವರು ಸಾಟಿಯೇ ಅಲ್ಲ.

ಆದರೆ ತಾನು ಔಷಧ ಹಚ್ಚಿದ ದಿನ ‘ತಂಪಾತ್ರಿ ಅತ್ತಿ’ ಎಂದವಳೂ ಇವಳೇ. ಹೆರಿಗೆಯಾಗಿ ಇನ್ನೂ ಬಾಣಂತಿ ಬಿಸಿ ಆರಿರಲಿಲ್ಲ, ಕೂಸು ಚೀಪಿ ಚೀಪಿ ಮೊಲೆಯ ತುದಿ ಸೀಳಿತ್ತು. ಸಂಕೋಚದವಳು, ಹೇಳಿರಲಿಲ್ಲ, ಕೂಸಿಗೆ ಹಾಲು ಕೊಡುವಾಗ ತುಟಿ ಕಚ್ಚಿಕೊಳ್ಳುವುದನ್ನು ಗೌರಾಬಾಯಿಯೇ ಕಂಡು ಹಿಡಿದಳು. ಎದ್ದು ಹೋಗಿ ದೇವರ ಪಟದ ಪಕ್ಕದ ಗೋಡೆಯ ಮಾಡದಿಂದ ಟ್ಯೂಬು ತಂದಳು. ಎಮ್ಮೆಯ ಟ್ಯೂಬು. ದೊಡ್ಡ ಎಮ್ಮೆಯ ಕೆಚ್ಚಲು ಮಳೆಗಾಲದಲ್ಲಿ ಕಲ್ಲಾಗಿ, ಹಾಲಿನಲ್ಲಿ ಮೊಸರಿನಂಥ ಗರಣೆ ಬರತೊಡಗಿದಾಗ ದನದ ಡಾಕ್ಟರು ಕೊಟ್ಟಿದ್ದವು, ಉದ್ದ ಮೂತಿಯ ಪ್ಲಾಸ್ಟಿಕ್ ಟ್ಯೂಬುಗಳು. ಒಂದೊಂದು ಮೊಲೆಗೆ ಒಂದೊಂದು, ಪೂರಾ ಒತ್ತಬೇಕು, ಬಾವು ಇಳಿದರೂ ಹೇಳಿದಷ್ಟು ದಿನ ಬಿಡಬಾರದು ಎಂದಿದ್ದರು. ಈ ಡಾಕ್ಟರುಗಳಿಗೇನು, ಹೇಳುತ್ತಾರೆ. ಎಣ್ಣೆಯ ಹನಿಯನ್ನೂ ಬತ್ತಿಯಿಂದ ಹಿಂಡಿ ಡಬ್ಬಿಗೆ ಹಾಕಿದ ಮನೆಯಲ್ಲಿ ಬೆಳೆದವಳು ಗೌರಾಬಾಯಿ. ಅರ್ಧ ಒತ್ತಿದರೆ ಅರ್ಧ ಬಾವು ಇಳಿಯುತ್ತದೆ, ಇನ್ನರ್ಧವನ್ನು ಎಮ್ಮೆಯೇ ಇಳಿಸಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಹಾಗೇ ಮಾಡುತ್ತ ಬಂದಿದ್ದಳು, ಇಳಿಯುತ್ತಲೂ ಇತ್ತು. ಆಮೇಲೆ ಮರಳಿ ಬರುತ್ತಿತ್ತು, ಅದು ಬೇರೆ ಮಾತು. ಉಳಿದರ್ಧದ ಮೂತಿಯನ್ನು ಸೆರಗಿನಿಂದ ಒರೆಸಿ ಮಾಡದಲ್ಲಿಟ್ಟರೆ ಅದು ಇಡೀ ಓಣಿಯ ದವಾಖಾನೆ. ಕಬ್ಬಿನ ರವದಿಯ ಒಣ ಗರಿ ಕೊಯ್ದ ಸಕ್ಕುಬಾಯಿಯ ಗಂಡನ ಕಾಲಿಗೆ ಅದೇ, ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯಲ್ಲಿ ಕತ್ತರಿ ತಾಗಿದವರ ಬೆರಳಿಗೆ ಅದೇ, ಈ ಮನೆಯ ಎಮ್ಮೆ ನೋಡಿಕೊಳ್ಳುತ್ತಿದ್ದ ಕೆಂಪವ್ವನ ಮೊಣಕಾಲ ಕೆಳಗಿನ ಕುರುವಿಗೂ ಅದೇ. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಕೇಳುವ ಮೊದಲೇ ಕೊಟ್ಟಿದ್ದಳು. ಕುಸುಮಳಿಗೂ ಕೇಳುವ ಮೊದಲೇ, ತನ್ನ ಬೆರಳಿನಿಂದಲೇ, ನೋವಾಗದ ಹಾಗೆ ಉಸಿರು ಊದಿ ಬೆಚ್ಚಗೆ ಮಾಡಿಕೊಂಡ ಬೆರಳಿನಿಂದ ಹಚ್ಚಿದ್ದಳು. ಆಗ ಆ ಹುಡುಗಿ ಅತ್ತೆಯ ಮಣಿಕಟ್ಟನ್ನು ಒಂದು ಗಳಿಗೆ ಹಿಡಿದುಕೊಂಡಿದ್ದಳು. ಮದುವೆಯಾದಾಗಿನಿಂದ ಆಕೆ ತನ್ನನ್ನು ತಾನಾಗಿ ಮುಟ್ಟಿದ್ದು ಅದೊಂದೇ ಸಲ. ಎಲ್ಲವನ್ನೂ ದ್ವೇಷಿಸಲು ಗೌರಾಬಾಯಿಗೆ ಶಕ್ತಿಯಿತ್ತು. ಆ ಹಿಡಿತವೊಂದೇ ಅಡ್ಡ ಬರುತ್ತಿತ್ತು.

ಜ್ವರ ಬಂದ ರಾತ್ರಿ ಸೊಸೆಯ ಎದೆಯ ಮೇಲೆ ಕೈಯಿಟ್ಟಾಗ ಅಂಗೈಗೆ ಗೊತ್ತಾಗಿತ್ತು. ಬಿಸಿ, ಬಿಗಿ, ಒಳಗೊಂದು ಗಡ್ಡೆ. ದೊಡ್ಡ ಎಮ್ಮೆಯ ಎಡಗಡೆಯ ಹಿಂದಿನ ಮೊಲೆಯ ಬುಡ ಮುಟ್ಟಿದಂತೆಯೇ. ಛೀ, ಎಂಥ ಹೋಲಿಕೆ ಎಂದು ಕೈ ಹಿಂದೆಗೆದುಕೊಂಡಿದ್ದಳು. ಚಿಕ್ಕೋಡಿಯಲ್ಲಿ ಡಾಕ್ಟರಬಾಯಿ ಕೊಯ್ದು ಕೀವು ತೆಗೆದು, ಗಾಯದೊಳಗೆ ಬತ್ತಿ ತುರುಕಿ ಕಳಿಸಿದರು. ಸೂಜಿ ಚುಚ್ಚಿದರು, ಮಾತ್ರೆ ಕೊಟ್ಟರು. ಮತ್ತೆ ಕೀವು. ಮತ್ತೆ ಕೊಯ್ದರು. ಬಾಗಿಲಾಚೆ ಕೂತ ಗೌರಾಬಾಯಿಗೆ ಸೊಸೆ ಕೂಗಿದ್ದು ಕೇಳಿಸಿತು, ಅತ್ತೆಯನ್ನಲ್ಲ, ಗಂಡನನ್ನೂ ಅಲ್ಲ, ‘ಆಯೀ’ ಎಂದು ಮರಾಠಿಯಲ್ಲಿ ತನ್ನ ತಾಯಿಯನ್ನು. ಆ ದಿನ ಡಾಕ್ಟರಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕೇಳಿದ್ದು ಒಂದು ವಿಚಿತ್ರ ಪ್ರಶ್ನೆ: “ಮನ್ಯಾಗ ಎಮ್ಮಿ ಅದಾವೇನ್ರಿ ಆಯಿ? ಕೆಚ್ಚಲಬಾವು ಆಗಿತ್ತೇನು? ಯಾರು ಹಿಂಡ್ತಾರ?”

“ಕೆಂಪಿ,” ಎಂದಿದ್ದಳು ಗೌರಾಬಾಯಿ.

ಸುಳ್ಳಲ್ಲ. ಸಂಜೆ ಹಿಂಡುವವಳು ಕೆಂಪವ್ವ. ಮುಂಜಾನೆ ಯಾರು ಎಂದು ಡಾಕ್ಟರಬಾಯಿ ಕೇಳಲಿಲ್ಲ, ಈಕೆ ಹೇಳಲಿಲ್ಲ. ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ಆ ಒಂದು ಮಾತು ಬೆಳೆದು ಸತ್ಯವಾಗಿತ್ತು. ಹೆದರಿಕೆ ಸಿಟ್ಟಾಗಿತ್ತು, ಸಿಟ್ಟಿಗೆ ಒಂದು ಮುಖ ಬೇಕಾಗಿತ್ತು, ಗೋದಲಿಗೆ ಮೇವು ಹಾಕುತ್ತ ಕೆಂಪವ್ವ ಅಲ್ಲೇ ಇದ್ದಳು. “ನಿನ್ನ ಹೊಲಸ ಕೈ ಬಿದ್ದ ನನ್ನ ಮನಿ ಹಾಳಾತು! ಕುರಿ ಹಿಕ್ಕಿ ಬಳಿದ ಕೈ ಹಂಗ ಬಂದ ಕೆಚ್ಚಲಕ್ಕ ಹಚ್ಚತೀ, ನನ್ನ ಸೊಸಿ ಸಾಯಾಕತ್ತಾಳ ಬೇ!” ನಳದ ಮುಂದೆ ಸಾಲು ನಿಂತವರೆಲ್ಲ ಕೇಳಲೆಂದೇ ಕೂಗಿದ್ದಳು. ಕೆಂಪವ್ವ ತಿರುಗಿ ಒಂದು ಮಾತು ಆಡಿದ್ದರೆ ಒಳ್ಳೆಯದಿತ್ತು. ಆಕೆ ಬುಟ್ಟಿ ಇಳಿಸಿದಳು, ಎಮ್ಮೆ ಕುಡಿಯುವ ಡೋಣಿಯ ನೀರಿನಿಂದ ಕೈಕಾಲು ತೊಳೆದುಕೊಂಡಳು, ದೊಡ್ಡ ಎಮ್ಮೆಯ ಕೋಡಿನ ನಡುವೆ ಒಮ್ಮೆ ಕೆರೆದಳು, ಹೋದಳು. ಎಮ್ಮೆ ಕೊರಳು ಚಾಚಿ ಆಕೆ ಹೋದ ದಾರಿಯನ್ನೇ ನೋಡುತ್ತಿತ್ತು. ಆ ಎಮ್ಮೆಗೂ ಒಂದು ಬಾರಿಸಿದ್ದಳು ಗೌರಾಬಾಯಿ.

ಆಮೇಲೆ ಡಾಕ್ಟರಬಾಯಿ ಎಮ್ಮೆಯ ಹಾಲನ್ನು ತೊಳೆದ ಬಾಟಲಿಯಲ್ಲಿ ತರಿಸಿಕೊಂಡರು, ಎಮ್ಮೆಯನ್ನೂ ಕುಸುಮಳನ್ನೂ ಮುಟ್ಟುವವರೆಲ್ಲ ಬರಬೇಕೆಂದರು. ಕೆಂಪವ್ವನನ್ನೂ ಕರೆಸಿ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ಹತ್ತಿ ಸುತ್ತಿದ ಕಡ್ಡಿಯನ್ನು ಒಬ್ಬೊಬ್ಬರ ಮೂಗಿನೊಳಗೆ ಆಡಿಸಿ ಗಾಜಿನ ನಳಿಗೆಗೆ ಹಾಕಿದರು. ಕೆಂಪವ್ವನ ಕಣ್ಣಲ್ಲಿ ನೀರು ಬಂದಾಗ ಗೌರಾಬಾಯಿಗೆ ಒಳಗೊಳಗೇ ಹಿತವಾಗಿತ್ತು. ತನ್ನ ಸರದಿ ಬಂದಾಗ ಹತ್ತಿಯ ಎಳೆ ಮೂಗುತಿಗೆ ಸಿಕ್ಕಿತು. “ಸ್ವಲ್ಪ ತಡಕೋರಿ ಆಯಿ,” ಎಂದು ಡಾಕ್ಟರಬಾಯಿ ಗದ್ದ ಹಿಡಿದು, ಉಗುರಿನ ತುದಿಯಿಂದ ಎಳೆಯನ್ನು ಬಿಡಿಸಿದರು, ಸಣ್ಣ ಹುಡುಗಿಯ ಜಡೆಯ ಗಂಟು ಬಿಡಿಸುವಷ್ಟು ಮೆಲ್ಲಗೆ. ನಳಿಗೆಗಳು ತಪಾಸಣೆಗೆ ಮಿರಜಿಗೆ ಹೋದವು. ಅಲ್ಲಿಂದ ಉತ್ತರ ಬಂದದ್ದು ಹೋದ ವಾರ. ಕೆಂಪವ್ವನ ಮೂಗಿನಲ್ಲಿ ಏನೂ ಇರಲಿಲ್ಲ. ಬಾಬಾಸಾಹೇಬನ ಮೂಗಿನಲ್ಲೂ ಇರಲಿಲ್ಲ. ಕುಸುಮಳ ಕೀವಿನಲ್ಲಿ, ದೊಡ್ಡ ಎಮ್ಮೆಯ ಹಾಲಿನಲ್ಲಿ, ಗೌರಾಬಾಯಿಯ ಮೂಗಿನಲ್ಲಿ ಒಂದೇ ಥರದ, ಕಣ್ಣಿಗೆ ಕಾಣದ ರೋಗದ ಜಂತು ಇತ್ತು, ಯಾವ ಮಾಮೂಲಿ ಸೂಜಿಗೂ ಜಗ್ಗದಂಥದು.

“ಮೂಗಿನ್ಯಾಗ ಇದ್ದದ್ದು ನನಗ ಗೊತ್ತಾಗಬಾರದೇನ್ರಿ?” ಎಂದು ಕೇಳಿದ್ದಳು. “ನೆಗಡಿ ಇಲ್ಲ, ನೋವು ಇಲ್ಲ.”

“ಗೊತ್ತಾಗೂದಿಲ್ಲ. ಸುಮ್ಮನ ಇರ್ತದ. ಕೈಗೆ ಬಂದು, ಒಡಕು ಸಿಕ್ಕಲ್ಲಿ ಹೊಕ್ಕೊಂತದ.”

“ಎಮ್ಮೀಯಿಂದ ನನಗ ಬಂತೋ, ನನ್ನಿಂದ ಎಮ್ಮಿಗೆ ಹೋತೋ?”

ಡಾಕ್ಟರಬಾಯಿ ಕನ್ನಡಕ ತೆಗೆದರು. “ಅದನ್ನ ಹೇಳೂದು ಕಠಿಣ ಆಯಿ. ಇದು ನಿಮ್ಮ ತಪ್ಪು ಅಂತ ತಿಳೀಬ್ಯಾಡ್ರಿ. ಆದರ ಅರ್ಧ ಔಷಧ ಕೊಟ್ಟರ ಜಂತು ಸಾಯೂದಿಲ್ಲ, ಔಷಧದ ರುಚಿ ಕಲೀತದ. ಈಗ ದೊಡ್ಡ ಸೂಜಿ ಹಚ್ಚೇವಿ, ನೋಡೂಣು.”

ನೋಡೂಣು. ಅಷ್ಟೇ ಹೇಳಿದ್ದರು. ಕೈ ತೊಳೆಯಬೇಕು, ಮೂಗಿಗೆ ಮುಲಾಮು ಹಚ್ಚಿಕೊಳ್ಳಬೇಕು, ಗಾಯ ಮಾಯುವ ತನಕ ಸೊಸೆಯನ್ನೂ ಕೂಸನ್ನೂ ಮುಟ್ಟಬಾರದು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಬಾಬಾಸಾಹೇಬ ಆಚೆ ಬದಿಯಲ್ಲಿ ಕೂತು ಕಿಟಕಿಯ ಕಡೆ ಮುಖ ಮಾಡಿದ. ಮನೆಗೆ ಬಂದಾಗ ಕೂಸು ಅಳುತ್ತಿತ್ತು. ಬಂದ ಕಾಲಲ್ಲೇ, ಮರೆತು, ಗೌರಾಬಾಯಿ ತೊಟ್ಟಿಲಿಗೆ ಕೈ ಚಾಚಿದ್ದಳು. ಗಂಡನಿಂದ ಫೋನಿನಲ್ಲಿ ಆಗಲೇ ಎಲ್ಲ ತಿಳಿದಿದ್ದ ಕುಸುಮ ಮಲಗಿದ್ದವಳು ಹೇಗೋ ಎದ್ದು ಕೂತಳು. ಸಿಟ್ಟಿನಲ್ಲಿ ಆಕೆಗೆ ಕನ್ನಡ ಬಿಟ್ಟುಹೋಗುತ್ತಿತ್ತು. “ಮಾಝ್ಯಾ ಬಾಳಾಲಾ ಹಾತ್ ಲಾವೂ ನಕಾ!” ನನ್ನ ಕೂಸಿಗೆ ಕೈ ಹಚ್ಚಬೇಡಿ. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ, ಅದು ಇನ್ನೂ ಕೆಟ್ಟದ್ದು: “ಹೊಲಸ ಕೈ ಯಾರದ್ರಿ ಅತ್ತಿ?”

ಮಧ್ಯಾಹ್ನ ಬಾಬಾಸಾಹೇಬ ತಾಟು ತಂದು ಕಟ್ಟೆಯ ತುದಿಗೆ ಇಟ್ಟು ಬೆರಳುಗಳಿಂದ ಮುಂದಕ್ಕೆ ನೂಕಿದ. ಕಲ್ಲಿನ ಮೇಲೆ ಸ್ಟೀಲು ಕಿರ್ರೆಂದಿತು. ತಾಟಿನ ಅಂಚಿನ ತೂತಿಗೆ ಕೆಂಪು ದಾರ ಕಟ್ಟಿತ್ತು, ಲೋಟಕ್ಕೂ ಕಟ್ಟಿತ್ತು, ಬೇರೆಯವುಗಳ ಜೊತೆ ಬೆರೆಯದಿರಲೆಂದು.

“ಅವ್ವಾ, ಊಟ.”

“ನಾಯಿಗೆ ಇಟ್ಟಂಗ ಇಡಬ್ಯಾಡ.”

“ಡಾಕ್ಟರು ಹೇಳ್ಯಾರಲ್ಲ...”

“ಕೈ ತೊಳಕೋರಿ ಅಂದಾರ, ಮೂಗಿಗೆ ಮುಲಾಮ ಹಚ್ಚಿಕೋರಿ ಅಂದಾರ. ತಾಟಿಗೆ ದಾರ ಕಟ್ಟರಿ ಅಂದಾರೇನು?”

“ಆಕಿ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ.” ಅವನು ದಾರವನ್ನೇ ನೋಡುತ್ತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಹೆಗಲ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ ಇತ್ತು. “ಎಮ್ಮೀನ ಐತವಾರ ಸಂತಿಗೆ ಹೊಡಕೊಂಡ ಹೋಗಿ ಮಾರಿಬಿಡ್ತೇನಿ. ಪೀಡಾ ಹೋಗ್ಲಿ.”

“ಬಾವು ಐತಿ ಅಂತ ಹೇಳಿ ಮಾರತೀಯೇನು?”

“ಹೇಳಿದ್ರ ಯಾರ ತಗೋತಾರ?”

“ತಗೊಂಡಾವರ ಮನ್ಯಾಗ ಬಾಣಂತಿ ಇರೂದಿಲ್ಲೇನೋ?” ಎಂದುಬಿಟ್ಟಳು ಗೌರಾಬಾಯಿ. ಯಾಕೆ ಅಂದಳೋ ಆಕೆಗೇ ತಿಳಿಯಲಿಲ್ಲ. ಮಗನನ್ನು ಚುಚ್ಚಲೆಂದು ಎತ್ತಿದ ಮಾತು ಹೊರಗೆ ಬಂದಾಗ ತನ್ನ ಕಡೆಗೇ ತಿರುಗಿತ್ತು. ಬಾಬಾಸಾಹೇಬ ಮೊದಲ ಸಲ ಆಕೆಯ ಮುಖ ನೋಡಿದ. ಕುಸುಮ ನರಳಿದ್ದು ಕೇಳಿ ಒಳಗೆ ಹೋದ. ಗೌರಾಬಾಯಿ ತಾಟು ಮುಟ್ಟಲಿಲ್ಲ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಓಣಿಗಿಳಿದಳು. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ಮಾತು ಸಿದ್ಧವಾಗಿತ್ತು: ಆ ಕೆಂಪಿಯನ್ನು ಕೇಳಿಬರುತ್ತೇನೆ, ಯಾಕೆ ಕರೆಯಲಿಲ್ಲವೆಂದು. ನಾನು ಕೊಟ್ಟ ಸೀರೆ ಉಟ್ಟು, ನಮ್ಮ ಹೊಲದ ಬದುವಿನ ಹುಲ್ಲು ಕೊಯ್ದು ಎಮ್ಮೆ ಸಾಕಿದವಳು.

ಕಬ್ಬಿನ ಗಾಡಿಗಳು ಅರೆದ ದಾರಿಯ ಧೂಳು ಚಪ್ಪಲಿಯೊಳಗೆ ಬಿಸಿಯಾಗಿ ತುಂಬಿತು. ಸೇತುವೆಯ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದರು, ಆಕೆ ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಒಂದೊಂದು ಮನೆ ದಾಟುವಾಗಲೂ ಈ ಮನೆಯ ಎಮ್ಮೆಗೆ ಮೊದಲು ಹಿಂಡಿದ್ದೆ, ಈ ಮನೆಯ ಮುದುಕನ ಬೆನ್ನುಹುಣ್ಣಿಗೆ ಹಚ್ಚಲು ಕೊಟ್ಟಿದ್ದೆ ಎಂದು ನೆನಪು ತಾನಾಗಿ ಬರುತ್ತಿತ್ತು. ನಿನ್ನೆಯ ತನಕ ಅದು ಸೊಕ್ಕಿನ ನೆನಪಾಗಿತ್ತು. ಇವತ್ತು ಅದೇ ನೆನಪು, ಅದೇ ಮನೆಗಳು, ಆದರೆ ಬೆನ್ನ ಹಿಂದೆ ಯಾರೋ ಹೆಜ್ಜೆ ಹಾಕುತ್ತ ಬಂದಂತೆ. ಆ ಹುಣ್ಣು ಮಾಯಿತ್ತೇ? ಕೇಳಿರಲಿಲ್ಲ. ಕೊಟ್ಟದ್ದಷ್ಟೇ ನೆನಪಿತ್ತು, ಮಾಯಿತೋ ಇಲ್ಲವೋ ಎಂದು ಎಂದಾದರೂ ತಿರುಗಿ ಹೋಗಿ ಕೇಳಿದ್ದೆನೇ ಎಂಬುದು ನೆನಪಿರಲಿಲ್ಲ.

ಕೆಂಪವ್ವನ ಗುಡಿಸಲು ಊರಾಚೆ, ಕುರಿಹಟ್ಟಿಯ ಪಕ್ಕದಲ್ಲಿತ್ತು. ಗಂಡ ಮಾಳಸಿದ್ದ ಕುರಿ ಹೊಡೆದುಕೊಂಡು ಪಾಲಬಾವಿಯ ಕಡೆ ಹೋಗಿದ್ದ. ಬಾಗಿಲ ಪಕ್ಕದ ಚಪ್ಪರದ ಕೆಳಗೆ ಎಮ್ಮೆ ನಿಂತಿತ್ತು, ಎಳೆಗರು ಇನ್ನೂ ಕಾಲು ನಡುಗಿಸುತ್ತ ಅದರ ಹೊಟ್ಟೆಯ ಕೆಳಗೆ ತಡಕಾಡುತ್ತಿತ್ತು. ಮೆತ್ತನೆಯ, ಗುಲಾಬಿ ಛಾಯೆಯ, ತುಂಬಿದ ಕೆಚ್ಚಲು. ಗೌರಾಬಾಯಿಯ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಮೂಗಿನ ಕಡೆ ಏರಹೊರಟ ಕೈಯನ್ನು ಅರ್ಧದಲ್ಲೇ ತಡೆದಳು.

“ಅಲ್ಲೇ ನಿಲ್ಲರಿ,” ಎಂದಳು ಕೆಂಪವ್ವ. ಬಾಗಿಲ ಹೊರಗಿನ ಒಲೆಯ ಮುಂದೆ ಕೂತವಳು ಎದ್ದಿರಲಿಲ್ಲ. “ಎಮ್ಮೀನ ಮುಟ್ಟಬ್ಯಾಡ್ರಿ.”

“ಯಾಕ ಕರೀಲಿಲ್ಲ ನನಗ?”

“ನನಗಿರೂದು ಒಂದ ಎಮ್ಮಿ, ಗೌರವ್ವಾರ.”

“ಯಾರ ಹಿಂಡಿದ್ರು?”

“ನಾನ ಹಿಂಡೇನಿ. ಹೊಲಸ ಕೈಯಿಂದ.” ಕೆಂಪವ್ವ ಒಲೆಯೊಳಗೆ ಕುಳ್ಳು ತಳ್ಳಿದಳು. “ಒದೀಲಿಲ್ಲ. ಹಾಲ ಏರಿಸಿಕೊಳ್ಳಲೂ ಇಲ್ಲ.”

ಗೌರಾಬಾಯಿ ಎಮ್ಮೆಯಿಂದ ಕಣ್ಣು ಹೊರಳಿಸಿದಳು. ಆಗ ಕಣ್ಣಿಗೆ ಬಿತ್ತು. ಚಪ್ಪರದ ಗಳಕ್ಕೂ ಸೋಗೆಗೂ ನಡುವೆ ಸಿಕ್ಕಿಸಿದ್ದ, ಉದ್ದ ಮೂತಿಯ ಪ್ಲಾಸ್ಟಿಕ್ ಟ್ಯೂಬು. ತಾನೇ ಕೊಟ್ಟದ್ದು, ಕಾಲಿನ ಕುರುವಿಗೆಂದು. ಕೆಂಪವ್ವ ಅದರಲ್ಲೂ ಅರ್ಧ ಉಳಿಸಿದ್ದಾಳೆ. ಯಾರನ್ನು ನೋಡಿ ಕಲಿತಳು ಎಂದು ಕೇಳುವ ಹಾಗಿರಲಿಲ್ಲ.

“ಅದನ್ನ ಕೊಡ,” ಎಂದಳು.

“ಯಾವದು?”

“ಟ್ಯೂಬು. ತಿರುಗಿ ಕೊಡ.”

ಕೆಂಪವ್ವ ಈಗ ಎದ್ದು ನಿಂತಳು. ನಗು ಬಂದಿತ್ತು ಆಕೆಗೆ, ಕೆಟ್ಟ ನಗು. “ಕೊಟ್ಟದ್ದನ್ನ ಕಸಗೊಳ್ಳಾಕ ಇಷ್ಟ ದೂರ ಬಂದ್ರೇನ್ರಿ ಸಾವಕಾರ್ತಿ? ಅರ್ಧ ಟ್ಯೂಬಿಗೆ? ನನ್ನ ಎಮ್ಮಿಗೆ ಏನರೆ ಆದ್ರ ಇರ್ಲಿ ಅಂತ ಇಟ್ಟೇನಿ. ನೀವ ಹೇಳಿದ್ದಲ್ಲ, ಚೆಲ್ಲಬ್ಯಾಡ, ಇಟ್ಟಿರು ಅಂತ?”

“ನಾನ ಹೇಳೇನಿ.”

“ಮತ್ತ?”

“ನಿನ್ನ ಕಾಲ ಮಾಯಿತೇನು?”

ಕೆಂಪವ್ವ ಸೀರೆಯ ನಿರಿಗೆಯನ್ನು ಮೊಣಕಾಲ ತನಕ ಎತ್ತಿದಳು, ಸಿಟ್ಟಿನಿಂದ, ಬೈಗುಳ ಬೈದ ಹಾಗೆ. ಕುರು ಬಾಯಿ ಮುಚ್ಚಿರಲಿಲ್ಲ. ಸುತ್ತ ಕಪ್ಪುಗಟ್ಟಿ, ನಡುವೆ ಒದ್ದೆ, ಅದರ ಪಕ್ಕದಲ್ಲೇ ಹೊಸದೊಂದು ಕೆಂಪಗೆ ಎದ್ದಿತ್ತು. ಎಮ್ಮೆಯ ಕೆಳಗಿದ್ದ ಕರು ತಾಯಿಯ ಮೊಲೆ ಸಿಕ್ಕಿ ಚಪ್ಪರಿಸತೊಡಗಿತು.

“ಅದು ನನ್ನ ಮೂಗಿನ್ಯಾಗ ಐತಿ ಕೆಂಪಿ,” ಎಂದಳು ಗೌರಾಬಾಯಿ. “ನಿನ್ನ ಕೈಯಾಗಲ್ಲ.”

“ಗೊತ್ತೈತ್ರಿ. ಊರಿಗೆಲ್ಲ ಗೊತ್ತೈತಿ. ನಳದ ಮುಂದ ನೀವು ಕೂಗಿದ್ದೂ ಊರಿಗೆಲ್ಲ ಗೊತ್ತೈತಿ.”

“ಆ ಟ್ಯೂಬಿಗೆ ಅದು ಸಾಯೂದಿಲ್ಲಂತ. ಅರ್ಧರ್ಧ ಹಾಕಿ ನಾನ ಅದಕ್ಕ ರುಚಿ ಕಲಿಸೇನಿ. ನಿನ್ನ ಎಮ್ಮಿಗೆ ಹಾಕಬ್ಯಾಡ. ಕಾಲಿಗೂ ಹಚ್ಚಬ್ಯಾಡ. ಚಿಕ್ಕೋಡಿಗೆ ಹೋಗು, ಆ ಡಾಕ್ಟರಬಾಯಿ ಕಡೆ. ನಾ ಬರ್ತೇನಿ ನಿನ್ನ ಕೂಡ. ಹಿಂದಿನ ಸೀಟಿನ್ಯಾಗ ಕೂಡ್ತೇನಿ ಬೇಕಾದ್ರ.” ಬೇಡಲು ಗೊತ್ತಿಲ್ಲದ ಬಾಯಿ, ಜಗಳಾಡಿದಂತೆಯೇ ಕೇಳಿಸಿತು. ಇನ್ನು ಸಕ್ಕುಬಾಯಿಯ ಮನೆ, ಸೇತುವೆಯ ಆಚೆಯ ಮುದುಕನ ಮನೆ, ದ್ರಾಕ್ಷಿ ತೋಟದವರ ಮನೆಗಳು. ಒಂದೊಂದು ಬಾಗಿಲಿಗೂ ಹೋಗಿ ಕೊಟ್ಟದ್ದನ್ನು ತಿರುಗಿ ಕೇಳಬೇಕು. ಒಂದೊಂದು ಬಾಗಿಲಲ್ಲೂ ಇದೇ ನಗು ಇರುತ್ತದೆ.

ಕೆಂಪವ್ವ ಕೈ ಎತ್ತಿ ಸೋಗೆಯ ಸಂದಿಯಿಂದ ಟ್ಯೂಬು ಎಳೆದಳು. ಗೌರಾಬಾಯಿಯ ಕೈಗೆ ಕೊಡಲಿಲ್ಲ. ಒಲೆಯೊಳಗೆ ಹಾಕಿದಳು. ಪ್ಲಾಸ್ಟಿಕ್ ಸುರುಟಿಕೊಂಡು ಕಪ್ಪು ಹೊಗೆ ಬಿಟ್ಟಿತು, ಅದರ ನಾತಕ್ಕೆ ಎಮ್ಮೆ ತಲೆ ಕೊಡವಿತು. ಇಬ್ಬರೂ ಹೊಗೆಯನ್ನೇ ನೋಡುತ್ತ ನಿಂತರು, ಅದು ಸಪೂರವಾಗುವ ತನಕ. ಗೌರಾಬಾಯಿ ಹೊರಡಲೆಂದು ತಿರುಗಿದಳು. ಬಿಸಿಲಿಗೋ ಹಸಿವಿಗೋ ಕಣ್ಣು ಕತ್ತಲಿಟ್ಟು ಚಪ್ಪರದ ಕಂಬ ಹಿಡಿದುಕೊಂಡಳು. ಹಿಡಿದ ಕೂಡಲೇ, ಬೇರೆಯವರ ಕಂಬ ಎಂದು ನೆನಪಾಗಿ, ಕಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅದನ್ನು ಕೆಂಪವ್ವ ನೋಡಿದಳು. ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು, ನೀರು ಸುರಿದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಅವರು ದಿನವೂ ಉಣ್ಣುವ ಹಿತ್ತಾಳೆಯ ಗಂಗಾಳವಿತ್ತು. ಮಡಚಿದ ಬಿಳಿಜೋಳದ ರೊಟ್ಟಿ, ಅದರ ಪಕ್ಕದಲ್ಲಿ ಇನ್ನೂ ಹಬೆಯಾಡುವ, ಬೆಲ್ಲ ಹಾಕಿ ಕಾಸಿದ ಗಿಣ್ಣ. 

ಆ ಮನೆಯಲ್ಲಿ ಗೌರಾಬಾಯಿ ಇದುವರೆಗೆ ನೀರು ಸಹ ಕುಡಿದಿರಲಿಲ್ಲ. ಇಡಲು ಕಲ್ಲಿತ್ತು, ಹೊರಸಿತ್ತು. ಕೆಂಪವ್ವ ಎಲ್ಲಿಯೂ ಇಡಲಿಲ್ಲ. ಮುಖ ನೋಡದೆ, ಒಂದು ಕೈಯಿಂದ ಗೌರಾಬಾಯಿಯ ಕೈಗಳೆರಡನ್ನೂ ಅಡಿಯಿಂದ ಹಿಡಿದು ಗಂಗಾಳವನ್ನು ಅವುಗಳ ಮೇಲೆ ಇಟ್ಟಳು.